ಸೂಪರ್‌ಮಾರ್ಕೆಟ್ ದಿನಸಿ ಮನೆಗೆ ತರಿಸುವಾಗ ಯಾವುದು ನಿಜಕ್ಕೂ ಅಗ್ಗ? ಲೆಕ್ಕ ಹಾಕುವುದು ಹೇಗೆ?

ತಿಂಗಳ ಪಟ್ಟಿ ಕೇಳಿದ್ದು:

ನಾಲ್ಕು ಜನರ ಮನೆ. ದಿನಸಿ, ಹಾಲು, ತರಕಾರಿ, ಸೋಪು ಎಲ್ಲವೂ ಸೂಪರ್‌ಮಾರ್ಕೆಟ್‌ನಿಂದ ಮನೆಗೇ ಬರುತ್ತವೆ. ಎಲ್ಲದರ ಬೆಲೆಯೂ ಏರುತ್ತಿರುವಾಗ ಕಣ್ಣುಮುಚ್ಚಿ ಒಂದೇ ಕಡೆ ಆರ್ಡರ್ ಮಾಡುವುದು ಸರಿಯಲ್ಲ ಅನ್ನಿಸಿದೆ. ನಮ್ಮ ವಿಳಾಸಕ್ಕೆ ತಲುಪಿಸುವವರು ಮೂವರು. ಒಬ್ಬರಲ್ಲಿ ಸಾಮಾನು ಅಗ್ಗ, ಆದರೆ ಪ್ರತಿ ಆರ್ಡರ್‌ಗೂ ಡೆಲಿವರಿ ಚಾರ್ಜ್ ಇದೆ. ಇನ್ನೊಬ್ಬರಲ್ಲಿ ಕನಿಷ್ಠ ಮೊತ್ತ ದಾಟಿದರೆ ಡೆಲಿವರಿ ಉಚಿತ, ಆದರೆ ಬೆಲೆ ಒಂಚೂರು ಹೆಚ್ಚು. ಮೂರನೆಯವರದು ತಿಂಗಳ ಮೆಂಬರ್‌ಶಿಪ್. ಪ್ಯಾಕಿನ ಅಳತೆ ಮೂರೂ ಕಡೆ ಬೇರೆಬೇರೆ ಇರುವುದರಿಂದ ಬೆಲೆ ಪಕ್ಕಪಕ್ಕ ಇಟ್ಟರೂ ಏನೂ ಗೊತ್ತಾಗುವುದಿಲ್ಲ. ಆಫರ್‌ಗಳ ಗದ್ದಲ ಬಿಟ್ಟು ಸರಿಯಾಗಿ ಹೋಲಿಸುವ ದಾರಿ ತಿಳಿದವರು ಹೇಳಿ.

ಲೆಕ್ಕದ ಪುಸ್ತಕ ಉತ್ತರ:

ಮೊದಲು ಅಂಗಡಿಯ ಆ್ಯಪ್ ಮುಚ್ಚಿ, ನಿಮ್ಮ ಹಳೆಯ ಬಿಲ್‌ಗಳನ್ನು ತೆಗೆಯಿರಿ. ಕಳೆದ ಎರಡು ತಿಂಗಳಲ್ಲಿ ಮತ್ತೆ ಮತ್ತೆ ಬಂದಿರುವ 20–25 ಸಾಮಾನುಗಳನ್ನು ಆರಿಸಿಕೊಳ್ಳಿ. ಅಕ್ಕಿ, ಹಿಟ್ಟು, ಎಣ್ಣೆ, ಸಕ್ಕರೆ, ಹಾಲು, ಬಟ್ಟೆ ಪೌಡರ್, ಹೀಗೆ. ಖರ್ಚಿನ ದೊಡ್ಡ ಪಾಲು ಇವುಗಳದ್ದೇ. ಅಪರೂಪಕ್ಕೆ ಕೊಳ್ಳುವುದನ್ನು ಪಟ್ಟಿಗೆ ಸೇರಿಸಬೇಡಿ, ಲೆಕ್ಕ ಕೆಡುತ್ತದೆ. ಒಂದೊಂದರ ಎದುರಿಗೂ ತಿಂಗಳಿಗೆ ಎಷ್ಟು ಬೇಕು ಅಂತ ಬರೆಯಿರಿ. ಎಷ್ಟು ಪ್ಯಾಕ್ ಅಂತಲ್ಲ, ಎಷ್ಟು ಕಿಲೋ, ಎಷ್ಟು ಲೀಟರ್ ಅಂತ.

ಈಗ ಮೂರೂ ಕಡೆ ಅದೇ ಪಟ್ಟಿಯನ್ನು ಕಾರ್ಟ್‌ಗೆ ಹಾಕಿ. ಒಂದೇ ದಿನ, ಒಂದೇ ಹೊತ್ತಿನಲ್ಲಿ, ಒಂದೇ ವಿಳಾಸಕ್ಕೆ. ವಿಳಾಸ ಬದಲಾದರೆ ಸಾಮಾನು ಹೊರಡುವ ಮಳಿಗೆ ಬದಲಾಗುತ್ತದೆ, ಬೆಲೆಯೂ ಬದಲಾಗಬಹುದು. ಕಾರ್ಟ್‌ನ ಮೊತ್ತ ನೋಡಿ ನಿಲ್ಲಬೇಡಿ, ಹಣ ಕಟ್ಟುವ ಕೊನೆಯ ಪುಟದವರೆಗೂ ಹೋಗಿ. ಹ್ಯಾಂಡ್ಲಿಂಗ್ ಚಾರ್ಜ್, ಪ್ಯಾಕಿಂಗ್ ಚಾರ್ಜ್, ಸಣ್ಣ ಆರ್ಡರ್‌ನ ಚಾರ್ಜ್ ಹೆಚ್ಚಿನ ಕಡೆ ಕಾಣಿಸಿಕೊಳ್ಳುವುದೇ ಅಲ್ಲಿ, ಅದೂ ಸಣ್ಣ ಅಕ್ಷರದಲ್ಲಿ. ಒಟ್ಟು ಮೊತ್ತದ ಪಕ್ಕದ ಬಾಣದ ಗುರುತು ಒತ್ತಿದರೆ ಒಂದೊಂದೂ ಬಿಡಿಯಾಗಿ ತೆರೆದುಕೊಳ್ಳುತ್ತದೆ. ಅದನ್ನು ಬರೆದುಕೊಂಡು ಹಣ ಕಟ್ಟದೆ ಹೊರಬನ್ನಿ.

ನಿಮ್ಮ ಮೊದಲ ಎರಡು ಅಂಗಡಿಗಳಿಗೆ ಲೆಕ್ಕ ಹೀಗೆ. ಮೊದಲನೆಯದರಲ್ಲಿ ಸಾಮಾನಿನ ಬೆಲೆ 100, ಎಲ್ಲ ಚಾರ್ಜ್ ಸೇರಿ 9 ಅಂದುಕೊಳ್ಳಿ. ಎರಡನೆಯದರಲ್ಲಿ ಅದೇ ಸಾಮಾನಿಗೆ 106, ಚಾರ್ಜ್ ಇಲ್ಲ. 109ರ ಎದುರು 106, ಅಂದರೆ ಎರಡನೆಯದು ಅಗ್ಗ. ಈಗ ಆರ್ಡರ್ ಇಮ್ಮಡಿಯಾಗಲಿ: 209ರ ಎದುರು 212, ಮೊದಲನೆಯದೇ ಅಗ್ಗ. ಎಲ್ಲಿ ಸಮವಾಗುತ್ತದೆ ಅಂದರೆ, ಚಾರ್ಜ್‌ನ ವ್ಯತ್ಯಾಸವನ್ನು ಬೆಲೆಯ ಶೇಕಡಾ ವ್ಯತ್ಯಾಸದಿಂದ ಭಾಗಿಸಿ: 9 ÷ 0.06 = 150. ಒಂದು ಆರ್ಡರ್ 150ಕ್ಕಿಂತ ದೊಡ್ಡದಾದರೆ ಚಾರ್ಜ್ ಕೊಟ್ಟು ತರಿಸುವುದೇ ಲಾಭ. ಹಾಗಾಗಿ ‘ಯಾವ ಅಂಗಡಿ ಅಗ್ಗ’ ಅನ್ನುವ ಪ್ರಶ್ನೆಗೆ ನಿಮ್ಮ ಆರ್ಡರ್‌ನ ಗಾತ್ರ ಗೊತ್ತಿಲ್ಲದೆ ಉತ್ತರವೇ ಇಲ್ಲ.

ತಕ್ಕಡಿ ಉತ್ತರ:

ಮೇಲಿನ ಲೆಕ್ಕ ಸರಿ, ಆದರೆ ಕಿಲೋಗೆ ಎಷ್ಟು, ಲೀಟರ್‌ಗೆ ಎಷ್ಟು ಅನ್ನುವುದನ್ನು ತಪ್ಪಾಗಿ ತೆಗೆದರೆ ಎಲ್ಲವೂ ತಪ್ಪುತ್ತದೆ. ಜನ ಹೆಚ್ಚಾಗಿ ಎಡವುವುದು ಎಣ್ಣೆಯಲ್ಲಿ. ಅಡುಗೆ ಎಣ್ಣೆ ನೀರಿಗಿಂತ ಹಗುರ, 1 ಲೀಟರ್ ತೂಗುವುದು ಸುಮಾರು 910–920 ಗ್ರಾಂ. 5 ಕಿಲೋ ಕ್ಯಾನ್‌ನಲ್ಲಿ 5 ಲೀಟರ್ ಕ್ಯಾನ್‌ಗಿಂತ ಹತ್ತಿರಹತ್ತಿರ ಅರ್ಧ ಲೀಟರ್ ಹೆಚ್ಚು ಎಣ್ಣೆ ಇರುತ್ತದೆ. ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಲೇಬಲ್‌ನ ಫೋಟೊ ದೊಡ್ಡದು ಮಾಡಿ ನಿವ್ವಳ ತೂಕದ ಸಾಲು ಓದಿ, ಎಲ್ಲವನ್ನೂ ಗ್ರಾಂಗೆ ತಂದು ಆಮೇಲೆ ಹೋಲಿಸಿ.

ಡಬ್ಬಿಯ ಕಾಳು, ತರಕಾರಿಗೆ ನೀರು ಬಸಿದ ಮೇಲಿನ ತೂಕ ಬೇರೆಯೇ ಬರೆದಿದ್ದರೆ ಅದನ್ನೇ ಹಿಡಿಯಿರಿ, ಉಪ್ಪುನೀರಿಗೆ ಹಣ ಕೊಟ್ಟು ಪ್ರಯೋಜನವಿಲ್ಲ. ಐಸ್‌ಕ್ರೀಮನ್ನು ಲೀಟರ್‌ನಲ್ಲಿ ಹೋಲಿಸಬೇಡಿ, ಅದರಲ್ಲಿ ಗಾಳಿ ಬೆರೆಸಿರುತ್ತಾರೆ. ಬಟ್ಟೆ ಪೌಡರ್ ಮತ್ತು ಲಿಕ್ವಿಡ್‌ಗೆ ಕಿಲೋ ಲೆಕ್ಕವೂ ಸಾಲದು. ಒಂದು ಸಲದ ಒಗೆತಕ್ಕೆ ಎಷ್ಟು ಹಾಕಬೇಕು ಅಂತ ಪ್ಯಾಕ್ ಮೇಲಿರುತ್ತದೆ, ಅದರಿಂದ ಭಾಗಿಸಿ ಒಗೆತವೊಂದಕ್ಕೆ ಎಷ್ಟು ಬಿತ್ತು ನೋಡಿ.

ಬೆಲೆ ಏರದೆ ಪ್ಯಾಕ್ ಕುಗ್ಗುವುದನ್ನೂ ಗಮನಿಸಿ. 500 ಗ್ರಾಂ ಇದ್ದದ್ದು ಅದೇ ಬೆಲೆಗೆ 450 ಗ್ರಾಂ ಆದರೆ ಅದು ಶೇ. 11ರಷ್ಟು ಬೆಲೆ ಏರಿಕೆ. ಆಫರ್‌ಗಳ ನಿಜವಾದ ಬೆಲೆಯೂ ಇಲ್ಲಿದೆ: ‘ಶೇ. 20 ಹೆಚ್ಚುವರಿ ಉಚಿತ’ ಅಂದರೆ ರಿಯಾಯಿತಿ ಶೇ. 16.7 ಮಾತ್ರ. ‘ಎರಡನೆಯದಕ್ಕೆ ಅರ್ಧ ಬೆಲೆ’ ಅಂದರೆ ಶೇ. 25. ‘ಎರಡು ಕೊಂಡರೆ ಒಂದು ಉಚಿತ’ ಅಂದರೆ ಶೇ. 33, ಅದೂ ಮೂರನ್ನೂ ಬಳಸಿ ಮುಗಿಸಿದರೆ.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನುವುದನ್ನು ನಂಬಬೇಡಿ. ಚಿಕ್ಕ ಪ್ಯಾಕ್ ಆಫರ್‌ನಲ್ಲಿರುವಾಗ ದೊಡ್ಡದೇ ಕಿಲೋಗೆ ದುಬಾರಿಯಾಗುವುದು ಸಾಮಾನ್ಯ. ಕೆಡುವ ಪದಾರ್ಥವಾದರಂತೂ ಶೇ. 15 ಅಗ್ಗವಿರುವ ದೊಡ್ಡ ಪ್ಯಾಕ್ ತಂದು ಐದರಲ್ಲಿ ಒಂದು ಪಾಲು ಎಸೆದರೆ, ತಿಂದ ಭಾಗಕ್ಕೆ ಚಿಕ್ಕ ಪ್ಯಾಕಿಗಿಂತ ಶೇ. 6 ಹೆಚ್ಚೇ ಕೊಟ್ಟ ಹಾಗಾಯಿತು.

ಉಗ್ರಾಣ ಉತ್ತರ:

ಮೆಂಬರ್‌ಶಿಪ್ ಬಗ್ಗೆ ಯಾರೂ ಹೇಳಿಲ್ಲ, ಅದನ್ನು ಹೇಳುತ್ತೇನೆ. ತಿಂಗಳ ಶುಲ್ಕವನ್ನು ಒಂದು ಆರ್ಡರ್‌ನಲ್ಲಿ ಉಳಿಯುವ ಡೆಲಿವರಿ ಚಾರ್ಜ್‌ನಿಂದ ಭಾಗಿಸಿ. ಮೂರು ಬಂದರೆ ನಾಲ್ಕನೇ ಆರ್ಡರ್‌ನಿಂದ ಲಾಭ. ಆದರೆ ಈ ಲೆಕ್ಕಕ್ಕೆ ನೀವು ಈಗ ಎಷ್ಟು ಸಲ ತರಿಸುತ್ತೀರಿ ಅನ್ನುವ ಸಂಖ್ಯೆಯನ್ನೇ ಹಾಕಿ. ಮೆಂಬರ್ ಆದ ಮೇಲೆ ಡೆಲಿವರಿ ಹೇಗೂ ಉಚಿತ ಅಂತ ಆರ್ಡರ್‌ಗಳು ಹೆಚ್ಚುತ್ತವೆ, ಒಂದೊಂದರಲ್ಲೂ ಪಟ್ಟಿಯಲ್ಲಿಲ್ಲದ ಎರಡು ಮೂರು ಸಾಮಾನು ಸೇರಿಕೊಳ್ಳುತ್ತವೆ. ಉಳಿಸಿದ ಚಾರ್ಜ್ ಅಲ್ಲೇ ಕರಗುತ್ತದೆ. ಮೆಂಬರ್‌ಗಳಿಗೂ ಕನಿಷ್ಠ ಮೊತ್ತ ಇದೆಯೇ, ಹ್ಯಾಂಡ್ಲಿಂಗ್ ಚಾರ್ಜ್ ಮನ್ನಾ ಆಗುತ್ತದೆಯೇ ಅಂತ ನಿಯಮದಲ್ಲಿ ನೋಡಿ. ‘ಉಚಿತ ಡೆಲಿವರಿ’ ಅನ್ನುವ ಮಾತಿನೊಳಗೆ ಅದು ಸೇರಿರಲೇಬೇಕೆಂದಿಲ್ಲ. ಮೊದಲ ತಿಂಗಳು ಉಚಿತವಾಗಿದ್ದರೆ ತಾನಾಗಿ ನವೀಕರಣ ಆಗುವುದನ್ನು ಸೇರಿದ ದಿನವೇ ಆಫ್ ಮಾಡಿ. ಆಫ್ ಮಾಡಿದರೆ ಸೌಲಭ್ಯ ಆಗಲೇ ನಿಲ್ಲುತ್ತದೋ, ತಿಂಗಳ ಕೊನೆವರೆಗೆ ಇರುತ್ತದೋ ಅನ್ನುವುದನ್ನು ಒತ್ತುವ ಮುಂಚೆ ಓದಿ.

ಸ್ಲಾಟ್ ಆರಿಸುವುದರಲ್ಲೂ ಹಣ ಉಳಿಯುತ್ತದೆ. ಒಂದು ಗಂಟೆಯ ಸ್ಲಾಟ್‌ಗಿಂತ ನಾಲ್ಕು ಗಂಟೆಯದು, ವಾರದ ಕೊನೆಗಿಂತ ವಾರದ ನಡುವಿನದು ಸಾಮಾನ್ಯವಾಗಿ ಅಗ್ಗ. ಕಾರಣ ಸರಳ: ಸಮಯ ಸಡಿಲವಾಗಿದ್ದರೆ ಒಂದೇ ಗಾಡಿ ಒಂದೇ ಸುತ್ತಿನಲ್ಲಿ ಹೆಚ್ಚು ಮನೆ ಮುಟ್ಟುತ್ತದೆ. ಮನೆಬಾಗಿಲಿನವರೆಗಿನ ಆ ಕೊನೆಯ ಹಂತವೇ ಈ ವ್ಯಾಪಾರದಲ್ಲಿ ದುಬಾರಿ. ಅಮೆರಿಕದಲ್ಲಿ 30 ನಿಮಿಷದ ಸ್ಲಾಟ್ ಕೊಟ್ಟು ಮನೆಗೆ ದಿನಸಿ ತಲುಪಿಸುತ್ತಿದ್ದ ವೆಬ್‌ವ್ಯಾನ್ ಕಂಪನಿ 2001ರಲ್ಲಿ ದಿವಾಳಿಯೆದ್ದಿತು. ಹಾಗಾಗಿ ಚಾರ್ಜ್ ಸೊನ್ನೆ ಅಂತ ತೋರಿಸುವ ಕಡೆ ಸಾಮಾನಿನ ಬೆಲೆಯನ್ನು ಇನ್ನೂ ಹುಷಾರಾಗಿ ನೋಡಬೇಕು.

ಕೆಲವು ಕಡೆ ಕನಿಷ್ಠ ಮೊತ್ತದ ಸಾಮಾನು ಹಾಕಿ ಅಗ್ಗದ ಸ್ಲಾಟನ್ನು ಮೊದಲೇ ಹಿಡಿದು, ಹಿಂದಿನ ದಿನದ ಗಡುವಿನವರೆಗೆ ಪಟ್ಟಿ ತಿದ್ದಲು ಬಿಡುತ್ತಾರೆ. ಹೀಗೆ ಮಾಡುವಾಗ ಮೊತ್ತ ಕನಿಷ್ಠಕ್ಕಿಂತ ಶೇ. 8–10 ಮೇಲಿರಲಿ. ಸಾಮಾನು ಖಾಲಿಯಾಗಿ ಬಿಲ್ ಕನಿಷ್ಠದ ಕೆಳಗಿಳಿದರೆ ಕೂಪನ್ ರದ್ದಾಗುವುದು, ಸಣ್ಣ ಆರ್ಡರ್‌ನ ಚಾರ್ಜ್ ಬೀಳುವುದು ಉಂಟು. ಆ ಹೆಚ್ಚುವರಿ ಭಾಗ ಸಕ್ಕರೆ, ಸೋಪಿನಂಥ ಕೆಡದ ಸಾಮಾನೇ ಆಗಿರಲಿ, ಮುಂದಿನ ತಿಂಗಳಿಗೆ ಬೇಕೇ ಬೇಕಾಗುವಂಥದ್ದು.

ತಿಂಗಳ ಪಟ್ಟಿ ಮತ್ತೆ ಕೇಳಿದ್ದು:

ಎಲ್ಲರಿಗೂ ಧನ್ಯವಾದ, 9 ÷ 0.06ರ ಲೆಕ್ಕ ಕೂಡಲೇ ಉಪಯೋಗಕ್ಕೆ ಬಂತು. ಇನ್ನೆರಡು ಗೊಂದಲ ಉಳಿದಿವೆ. ಕೇಳಿದ ಸಾಮಾನಿಗೆ ಬದಲಿ ಬಂದಾಗ ಬಿಲ್ ಏಕೆ ಏರುತ್ತದೆ? ಎರಡನೆಯದು, ತೂಕದ ತರಕಾರಿಗೆ ಮೊದಲು ಕಡಿತವಾದ ಹಣಕ್ಕೂ ಕೊನೆಯ ಬಿಲ್‌ಗೂ ತಾಳೆಯಾಗುವುದಿಲ್ಲ, ಯಾಕೆ?

ಕೈಚೀಲ ಉತ್ತರ:

ಬದಲಿ ಸಾಮಾನಿನ ವಿಷಯ: ಎಲ್ಲರೂ ಅಗ್ಗದ್ದನ್ನೇ ಹುಡುಕುವ ಕಾಲದಲ್ಲಿ ಮೊದಲು ಖಾಲಿಯಾಗುವುದು ಅಂಗಡಿಯ ಸ್ವಂತ ಬ್ರ್ಯಾಂಡ್. ಅದರ ಜಾಗಕ್ಕೆ ಶೆಲ್ಫ್‌ನಲ್ಲಿ ಉಳಿದಿರುವುದು ದುಬಾರಿ ಬ್ರ್ಯಾಂಡ್, ಬರುವುದೂ ಅದೇ. ಕೆಲವರು ಎರಡರಲ್ಲಿ ಕಡಿಮೆ ಇರುವ ಬೆಲೆ ಹಾಕುತ್ತಾರೆ, ಕೆಲವರು ಬಂದ ಸಾಮಾನಿನ ಬೆಲೆಯನ್ನೇ ಹಾಕುತ್ತಾರೆ. ಎರಡನೇ ಥರದವರಾಗಿದ್ದರೆ ‘ಬದಲಿ ಬೇಡ’ ಅನ್ನುವುದನ್ನು ಇಡೀ ಆರ್ಡರ್‌ಗೆ ಒತ್ತದೆ ಒಂದೊಂದು ಸಾಮಾನಿಗೂ ಬೇರೆಯಾಗಿ ಒತ್ತಿ. ಹಾಲಿನಂಥ ತಪ್ಪಿಸಲಾಗದ್ದಕ್ಕೆ ಬದಲಿ ಇರಲಿ, ಬಿಸ್ಕತ್ತು, ಸೋಪು, ಪೌಡರ್‌ಗೆ ಬೇಡ. ಅಂಗಡಿಯವರಿಗೆ ಟಿಪ್ಪಣಿ ಬರೆಯಲು ಜಾಗವಿದ್ದರೆ ‘ಇದೇ ಬ್ರ್ಯಾಂಡಿನ 500 ಗ್ರಾಂನ ಎರಡು ಆಗಬಹುದು’ ಅಂತ ಖಚಿತವಾಗಿ ಬರೆಯಿರಿ. ಬದಲಿ ಬೇಡವಾದರೆ ಬಾಗಿಲಲ್ಲೇ ವಾಪಸ್ ಕೊಡಿ, ತಂದವರ ಫೋನ್‌ನಲ್ಲಿ ಅದು ದಾಖಲಾಗಿದ್ದನ್ನು ನೋಡಿ.

ತೂಕದ ವಿಷಯ: ಆರ್ಡರ್ ಹೊತ್ತಿನಲ್ಲಿ ತೋರಿಸುವುದು ಅಂದಾಜು ಬೆಲೆ, ತುಂಬುವಾಗ ತೂಗಿದ ಮೇಲೆ ಬರುವುದೇ ಬಿಲ್. ತೂಕ ಹೆಚ್ಚಾದರೂ ಸಾಲಲಿ ಅಂತ ಕಾರ್ಡ್‌ನಲ್ಲಿ ಸ್ವಲ್ಪ ಹೆಚ್ಚು ಮೊತ್ತವನ್ನು ತಡೆಹಿಡಿಯುವ ಪದ್ಧತಿ ಇದೆ. ಕೊನೆಯ ಬಿಲ್ ಆದ ಮೇಲೆ ಉಳಿದದ್ದು ಬಿಡುಗಡೆಯಾಗುತ್ತದೆ, ಆದರೆ ಬ್ಯಾಂಕ್‌ನವರಿಗೆ ಕೆಲವು ದಿನ ಹಿಡಿಯಬಹುದು. ಡೆಬಿಟ್ ಕಾರ್ಡ್ ಆದರೆ ಅಷ್ಟು ದಿನ ನಿಮ್ಮ ಖಾತೆಯ ಹಣವೇ ಸಿಕ್ಕಿಕೊಂಡಿರುತ್ತದೆ, ತಿಂಗಳ ಕೊನೆಯಲ್ಲಿ ಇದು ಕಷ್ಟ. ತರಕಾರಿ, ಹಣ್ಣನ್ನು ‘6 ಕಾಯಿ’ ಅಂತ ಹೇಳುವ ಬದಲು ಗ್ರಾಂನಲ್ಲಿ ಹೇಳಿದರೆ ಬಿಲ್ ಹೆಚ್ಚು ಆಚೀಚೆ ಆಗುವುದಿಲ್ಲ.

ಬಂದ ತಕ್ಷಣ ಮೊದಲು ಫ್ರೋಜನ್, ಆಮೇಲೆ ಹಾಲು-ಮೊಸರು ಮುಟ್ಟಿ ನೋಡಿ. ಫ್ರೋಜನ್ ಬಟಾಣಿಯ ಪ್ಯಾಕ್ ಅಲ್ಲಾಡಿಸಿದರೆ ಕಾಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಒಂದು ಮೂಲೆಯಲ್ಲಿ ಗಟ್ಟಿ ಮುದ್ದೆಯಾಗಿ ಒಳಗೆಲ್ಲ ಮಂಜಿನ ಹರಳು ಕಟ್ಟಿದ್ದರೆ ಅದು ಕರಗಿ ಮತ್ತೆ ಹೆಪ್ಪುಗಟ್ಟಿದ್ದು, ತೆಗೆದುಕೊಳ್ಳಬೇಡಿ. ಫ್ರಿಜ್ ಸಾಮಾನು 5 ಡಿಗ್ರಿ ಸೆಲ್ಸಿಯಸ್ ಒಳಗೆ, ಫ್ರೋಜನ್ ಮೈನಸ್ 18ರಲ್ಲಿ ಇರಬೇಕಾದದ್ದು. ಬೇಗ ಕೆಡುವ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನ ಸ್ಲಾಟ್ ಎಷ್ಟೇ ಅಗ್ಗವಾದರೂ ಇವುಗಳಿಗೆ ಬೇಡ.

ಕೊರತೆ, ಒಡೆದದ್ದು, ಅವಧಿ ಹತ್ತಿರ ಬಂದದ್ದು ಕಂಡರೆ ಲೇಬಲ್‌ನ ದಿನಾಂಕ ಮತ್ತು ಬಿಲ್‌ನ ಆ ಸಾಲು ಒಂದೇ ಫೋಟೊದಲ್ಲಿ ಬರುವ ಹಾಗೆ ತೆಗೆದು ಅಂದೇ ದೂರು ಹಾಕಿ. ದೂರಿಗೆ ಗಡುವು ಇರುತ್ತದೆ. ರೀಫಂಡ್ ಎಲ್ಲಿಗೆ ಅಂತ ಕೇಳಿದಾಗ ಹಣ ಕಟ್ಟಿದ ಕಾರ್ಡ್ ಅಥವಾ ಖಾತೆಯನ್ನೇ ಆರಿಸಿ. ಆ್ಯಪ್‌ನ ವ್ಯಾಲೆಟ್‌ಗೆ ಹಾಕಿದ ಹಣ ಬೇಗ ಬರುತ್ತದೆ ನಿಜ, ಆದರೆ ಅದನ್ನು ಅಲ್ಲೇ ಖರ್ಚು ಮಾಡಬೇಕು, ಕೆಲವು ಕಡೆ ಅವಧಿಯೂ ಮುಗಿಯುತ್ತದೆ.

ಲೆಕ್ಕದ ಪುಸ್ತಕ ಮತ್ತೆ:

ಇನ್ನೊಂದು ಮಾತು. ಒಂದೊಂದು ಸಾಮಾನು ಎಲ್ಲಿ ಅಗ್ಗವೋ ಅಲ್ಲಿಂದ ತರಿಸೋಣ ಅಂತ ಮೂರಕ್ಕೂ ಹಂಚಬೇಡಿ. ಆಗ ಮೂರು ಕನಿಷ್ಠ ಮೊತ್ತ, ಮೂರು ಹ್ಯಾಂಡ್ಲಿಂಗ್ ಚಾರ್ಜ್ ಬೀಳುತ್ತದೆ. ಕೆಡದ ಸಾಮಾನೆಲ್ಲ ತಿಂಗಳಿಗೊಂದು ದೊಡ್ಡ ಆರ್ಡರ್ ಆಗಿ ಬೆಲೆ ಕಡಿಮೆ ಇರುವವರಿಂದ ಬರಲಿ. ನಿಮ್ಮ ಮೊದಲ ಅಂಗಡಿ ಇದಕ್ಕೇ ಸರಿ. ಹಾಲು, ತರಕಾರಿ ಮಾತ್ರ ಎರಡನೆಯವರಿಂದ ವಾರಕ್ಕೊಮ್ಮೆ, ಅದೂ ಅಷ್ಟಕ್ಕೇ ಕನಿಷ್ಠ ಮೊತ್ತ ಮುಟ್ಟುವುದಾದರೆ. ಮುಟ್ಟದಿದ್ದರೆ ಬೇಡದ್ದನ್ನು ಸೇರಿಸಿ ಮುಟ್ಟಿಸಬೇಡಿ. ನೀವೇ ಹೋಗಿ ಎತ್ತಿಕೊಂಡು ಬರುವ ಆಯ್ಕೆ ಅವರಲ್ಲಿದೆಯೇ ನೋಡಿ, ಅದಕ್ಕೆ ಎಷ್ಟೋ ಕಡೆ ಚಾರ್ಜ್ ಇರುವುದಿಲ್ಲ. ಹೇಗೂ ಆ ದಾರಿಯಲ್ಲಿ ಓಡಾಡುವವರು ಮನೆಯಲ್ಲಿದ್ದರೆ ಪೆಟ್ರೋಲ್ ಖರ್ಚೂ ಬೇರೆ ಬೀಳುವುದಿಲ್ಲ.

25 ಸಾಮಾನಿನ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಮೂರೂ ಕಡೆ ಮತ್ತೆ ತುಂಬಿಸಿ ನೋಡಿ. ಬೆಲೆಯ ಕಾಲಂ ಪಕ್ಕದಲ್ಲಿ ಪ್ಯಾಕಿನ ಗ್ರಾಂಗೂ ಒಂದು ಕಾಲಂ ಇರಲಿ, ‘ತಕ್ಕಡಿ’ ಅವರು ಹೇಳಿದ 500ರಿಂದ 450ರ ಇಳಿತ ಸಿಕ್ಕಿಬೀಳುವುದು ಆ ಕಾಲಂನಲ್ಲೇ.