ಕಾರವಾರದ ಚಾಪೆಲ್ ಯುದ್ಧನೌಕೆ: ಅಪ್ಪ, ಮಗನ ಜೊತೆ ಒಂದು ದಿನದ ಪ್ರವಾಸ. ಹೋಗಿಬಂದವರು ಹೇಳಿ

ಪ್ರಶ್ನೆ, ಹುಬ್ಬಳ್ಳಿಯಿಂದ

ಮುಂದಿನ ತಿಂಗಳು ಒಂದು ಭಾನುವಾರ ಕಾರವಾರಕ್ಕೆ ಹೋಗಿ, ಕಡಲತೀರದಲ್ಲಿ ವಸ್ತುಸಂಗ್ರಹಾಲಯ ಮಾಡಿಟ್ಟಿರುವ ಚಾಪೆಲ್ ಯುದ್ಧನೌಕೆ ನೋಡಿಕೊಂಡು ರಾತ್ರಿಯೊಳಗೆ ವಾಪಸ್ ಬರಬೇಕು ಅಂತಿದ್ದೇವೆ. ಮಗನಿಗೆ 9 ವರ್ಷ, ಹಡಗು ಅಂದರೆ ಪ್ರಾಣ. ಅಪ್ಪನೂ ಬರುತ್ತಾರೆ. ಅವರಿಗೆ 72, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ನಿವೃತ್ತರಾದವರು, ಈಗ ಮೊಣಕಾಲು ನೋವು ಜಾಸ್ತಿ. ಗೋವಾಕ್ಕೆ ಹೋಗುವಾಗ ಅಲ್ಲಿ ನಿಂತಿದ್ದ ಗೆಳೆಯರೊಬ್ಬರು "ಸಣ್ಣ ಹಡಗು, ಹತ್ತು ನಿಮಿಷದಲ್ಲಿ ಮುಗಿಯುತ್ತೆ" ಅಂದರು. ಅಷ್ಟಕ್ಕೇ ಅಷ್ಟು ದೂರ ಹೋಗಬಹುದಾ? ಅಪ್ಪನಿಗೆ ಹತ್ತಿ ಇಳಿಯೋದು ಕಷ್ಟವಾಗುತ್ತಾ?

ಧಾರವಾಡದಿಂದ

ನಾವು ಡಿಸೆಂಬರ್‌ನಲ್ಲಿ ಹೋಗಿದ್ದೆವು. ಬೆಳಿಗ್ಗೆ 5.30ಕ್ಕೆ ಬಿಟ್ಟು ಯಲ್ಲಾಪುರದಲ್ಲಿ ತಿಂಡಿ, ಆಮೇಲೆ ಅರಬೈಲು ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕಾರವಾರ. ನಾಲ್ಕು ಗಂಟೆ ಇಟ್ಟುಕೊಳ್ಳಿ. ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಇನ್ನೂ ಅರ್ಧ ಗಂಟೆ.

ನಾವು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮಟಮಟ ಮಧ್ಯಾಹ್ನ ಹಡಗಿನೊಳಗೆ ಹೋದೆವು. ಸುತ್ತ ಲೋಹದ ಗೋಡೆ, ಮೇಲೆ ಬಿಸಿಲು. ಅತ್ತೆ ಐದು ನಿಮಿಷಕ್ಕೇ ಹೊರಗೆ ಬಂದು ಕೂತರು. ನೀವು ಮೊದಲು ಊಟ ಮಾಡಿ. ಬಂಗಡೆ, ಇಸ್ವಾಣ ತಿನ್ನುವವರಾದರೆ ಕಾರವಾರದ ಮೀನೂಟಕ್ಕೇ ಒಂದು ಗಂಟೆ ಬೇಕು. ಬಿಸಿಲು ಇಳಿದ ಮೇಲೆ ಹಡಗು ಹತ್ತಿ. ಬಾಗಿಲು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಶಿರಸಿಯಿಂದ, ಎರಡು ಮಕ್ಕಳ ತಾಯಿ

ಮೆಟ್ಟಿಲು ಹತ್ತಿ ಡೆಕ್‌ವರೆಗೆ ಹಿರಿಯರು ನಿಧಾನವಾಗಿ ಬರಬಹುದು. ಒಳಗಿನ ಏಣಿಗಳು ಮಾತ್ರ ಕಡಿದು. ಬಾಗಿಲು ಅಂದರೆ ನಮ್ಮ ಮನೆ ಬಾಗಿಲಲ್ಲ, ಕಾಲು ಎತ್ತಿ, ತಲೆ ತಗ್ಗಿಸಿ ದಾಟಬೇಕು. ನನ್ನ ಮಗಳು ಕುಣಿಯುತ್ತಾ ದಾಟಿದಳು, ನನಗೆ ಹಣೆ ತಾಗಿತು. ನಿಮ್ಮ ಅಪ್ಪನನ್ನು ಕೆಳಗೆ ಇಳಿಸಬೇಡಿ. ಒಳಗೆ ನೌಕಾಪಡೆಯ ಸಮವಸ್ತ್ರ ಹಾಕಿದ ಬೊಂಬೆಗಳಿವೆ. ಚಿಕ್ಕ ಮಗು ಇದ್ದರೆ ಮೊದಲೇ ಹೇಳಿಬಿಡಿ. ನಮ್ಮ ಸಣ್ಣವನು ನಿಜವಾದ ಮನುಷ್ಯ ಅಂದುಕೊಂಡು ನನ್ನ ಸೆರಗು ಬಿಡಲೇ ಇಲ್ಲ.

ಕಾರವಾರದಿಂದ

ನಾನು ಇದೇ ಊರಿನವನು. ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಹತ್ತು ನಿಮಿಷದಲ್ಲಿ ಮುಗಿಯುತ್ತೆ ಅನ್ನುವ ಮಾತು ಕೇಳಿದರೆ ನಿಜವಾಗಲೂ ಬೇಜಾರಾಗುತ್ತದೆ.

ಹೌದು, ಸಣ್ಣದೇ. ಉದ್ದ ಸುಮಾರು 38 ಮೀಟರ್. ಆದರೆ ಅದೇ ಇದರ ವಿಶೇಷ. ಇದು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. ಡೆಕ್ ಮೇಲೆ ಎರಡೂ ಕಡೆ ಎರಡೆರಡು ದೊಡ್ಡ ಪೆಟ್ಟಿಗೆಗಳಿವೆ ನೋಡಿ, ಕ್ಷಿಪಣಿ ಇರುತ್ತಿದ್ದದ್ದು ಅದರಲ್ಲೇ. ಅಷ್ಟು ಸಣ್ಣ ದೋಣಿಯಿಂದ ದೂರದಲ್ಲಿರುವ ದೊಡ್ಡ ಹಡಗನ್ನು ಮುಳುಗಿಸುವುದು ಅದರ ಕೆಲಸ. ಮಗನಿಗೆ ಮೊದಲು ಇದನ್ನು ಹೇಳಿ, ಆಮೇಲೆ ಡೆಕ್ ತೋರಿಸಿ.

ಒಂದು ವಿಷಯ ಮಾತ್ರ ಸರಿಯಾಗಿ ಹೇಳಿಕೊಡಿ. ಚಾಪೆಲ್ 1971ರ ಯುದ್ಧದಲ್ಲಿ ಕರಾಚಿಗೆ ಹೋಗಿತ್ತು ಅಂತ ಬಹಳ ಜನ ಹೇಳುತ್ತಾರೆ. ಅದು ತಪ್ಪು. ಚಾಪೆಲ್ ನೌಕಾಪಡೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ದಾಳಿ ಮಾಡಿದ್ದು ನಿರ್ಘಾತ್, ನಿಪಾತ್, ವೀರ್ ಅನ್ನುವ ಮೂರು ದೋಣಿಗಳು. ಇದೇ ಜಾತಿಯವು, ಇದಕ್ಕಿಂತ ಮೊದಲಿನವು. ಪಾಕಿಸ್ತಾನದ ಖೈಬರ್ ಯುದ್ಧನೌಕೆ ಆ ರಾತ್ರಿ ಮುಳುಗಿತು. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಅದಕ್ಕೇ. ಚಾಪೆಲ್ ಆ ಮೂವರ ತಂಗಿ ಅಂದುಕೊಳ್ಳಿ. ಸುಮಾರು 29 ವರ್ಷ ಕಾವಲು ಕಾದು 2005ರಲ್ಲಿ ನಿವೃತ್ತಿಯಾಯಿತು. ಮಾಡದ ಯುದ್ಧವನ್ನು ಅದರ ಹೆಸರಿಗೆ ಕಟ್ಟಬೇಕಾಗಿಲ್ಲ, ಅಲ್ವಾ?

ಈಗ ಮುಖ್ಯ ಮಾತು. ನಿಮ್ಮ ತಂದೆ ಸ್ಯಾಪರ್ ಅಂದಿರಿ. ಹಾಗಾದರೆ ಹಡಗಿಗಿಂತ ಮೊದಲು ಪಕ್ಕದಲ್ಲಿರುವ ರಾಮ ರಾಘೋಬ ರಾಣೆ ಅವರ ಪ್ರತಿಮೆ ಹತ್ತಿರ ಕರೆದುಕೊಂಡು ಹೋಗಿ. ಹೆಚ್ಚಿನವರು ಅದರ ಮುಂದೆಯೇ ದಾಟಿ ಹೋಗುತ್ತಾರೆ, ತಲೆ ಎತ್ತಿ ನೋಡುವುದಿಲ್ಲ. ರಾಣೆಯವರ ಮನೆತನ ಚೆಂಡಿಯಾದ್ದು. ನೀವು ಅಂಕೋಲಾದಿಂದ ಬರುವ ದಾರಿಯಲ್ಲೇ ಆ ಊರು ಸಿಗುತ್ತದೆ. ಅವರು ಬಾಂಬೆ ಸ್ಯಾಪರ್ಸ್‌ನವರು. ಕಾಶ್ಮೀರದ ಯುದ್ಧದಲ್ಲಿ, 1948ರ ಏಪ್ರಿಲ್‌ನಲ್ಲಿ, ಜಮ್ಮು ಕಡೆಯ ನೌಶೇರಾದಿಂದ ರಜೌರಿಗೆ ನಮ್ಮ ಸೇನೆ ಹೋಗಬೇಕಿತ್ತು. ದಾರಿ ತುಂಬಾ ನೆಲಬಾಂಬು, ಕಡಿದು ಉರುಳಿಸಿದ ಮರ. 8ನೇ ತಾರೀಕು ಶುರುವಿನಲ್ಲೇ ಶತ್ರುವಿನ ಮಾರ್ಟರ್ ಗುಂಡಿಗೆ ಅವರ ತಂಡದ ಇಬ್ಬರು ಸತ್ತರು, ಅವರಿಗೂ ಗಾಯವಾಯಿತು. ಆದರೂ ಅವರು ಕೆಲಸ ಬಿಡಲಿಲ್ಲ. ಟ್ಯಾಂಕಿನ ಕೆಳಗೆ ತೆವಳಿಕೊಂಡು, ಅದರ ಜೊತೆಗೇ ಮುಂದಕ್ಕೆ ಸಾಗುತ್ತಾ, ಬಾಂಬು ಎಲ್ಲಿದೆ ನೋಡಿಕೊಂಡು ಚಾಲಕನಿಗೆ ಹಗ್ಗ ಎಳೆದು ಸನ್ನೆ ಕೊಟ್ಟರು. 11ರವರೆಗೂ ಹಗಲು ರಾತ್ರಿ ದಾರಿ ತೆರವು ಮಾಡಿದರು. ಪರಮವೀರ ಚಕ್ರ ಬಂತು, ಬದುಕಿರುವಾಗಲೇ. ನಮ್ಮ ತಾಲ್ಲೂಕಿನ ಮನುಷ್ಯ. ಊರಿನ ಮಕ್ಕಳಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಬೆಂಗಳೂರಿನಿಂದ, ವಿಶಾಖಪಟ್ಟಣದಲ್ಲಿ ಮೂರು ವರ್ಷ ಇದ್ದವರು

ಅಲ್ಲಿಯ ಕಡಲತೀರದ ಕುರ್ಸುರಾ ಜಲಾಂತರ್ಗಾಮಿ 91 ಮೀಟರ್ ಉದ್ದ. ಒಳಗೆ ಹೊಕ್ಕರೆ ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಆದರೆ ಮೊಣಕಾಲು ನೋವಿದ್ದವರಿಗೆ ಆ ದುಂಡು ಬಾಗಿಲುಗಳನ್ನು ದಾಟುವುದು ಬಹಳ ಕಷ್ಟ. ಅದಕ್ಕೆ ಹೋಲಿಸಿದರೆ ಕಾರವಾರ ಸುಲಭ. ಚಾಪೆಲ್ ಜೊತೆಗೆ ಟುಪೊಲೆವ್ ವಿಮಾನವನ್ನೂ ಬಿಡಬೇಡಿ. 1988ರಿಂದ 2017ರವರೆಗೆ ಸಮುದ್ರದ ಮೇಲೆ ಹಾರಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ವಿಮಾನಗಳಲ್ಲಿ ಒಂದು ಅದು. ಅರಕ್ಕೋಣಂನಿಂದ ಬಿಡಿಭಾಗ ಮಾಡಿ ತಂದು ಜೋಡಿಸಿದ್ದು. ಒಂದೊಂದು ಎಂಜಿನ್ನಿಗೂ ಎರಡೆರಡು ಪ್ರೊಪೆಲರ್, ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಮಗನಿಗೆ ಎಣಿಸಲು ಹೇಳಿ. ಅಪ್ಪ ಕೆಳಗೆ ನಿಂತೇ ನೋಡಬಹುದು.

ಅಂಕೋಲಾದಿಂದ

ಮಳೆಗಾಲ ಮಾತ್ರ ಬೇಡ. 2024ರ ಜುಲೈನಲ್ಲಿ ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಗಿದ್ದು ನೆನಪಿದೆಯಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಪ್ರಶ್ನೆ ಕೇಳಿದವರು, ಹೋಗಿಬಂದ ಮೇಲೆ

ಎಲ್ಲರಿಗೂ ಧನ್ಯವಾದ. ನೀವು ಹೇಳಿದ ಹಾಗೇ ಮಾಡಿದೆವು. ಊಟ ಮೊದಲು, ಆಮೇಲೆ ರಾಣೆಯವರ ಪ್ರತಿಮೆ, ಆಮೇಲೆ ವಿಮಾನ, ಕೊನೆಗೆ ಹಡಗು. ಅಪ್ಪ ಡೆಕ್‌ವರೆಗೆ ಬಂದರು, ಕೆಳಗಿಳಿಯಲಿಲ್ಲ. ಮಗ ಒಳಗೆ ಎರಡು ಸಲ ಸುತ್ತಿದ. ಒಟ್ಟು ಎರಡೂವರೆ ಗಂಟೆ ಹಿಡಿಯಿತು.

ಹೊರಡುವ ಮುಂಚೆ ಮರಳಿನ ಮೇಲೆ ಸುಮ್ನೆ ಕೂತಿದ್ದೆವು. ನೆಲಬಾಂಬನ್ನು ಹುಡುಕೋದು ಹೇಗೆ ಅಂತ ಮಗ ತಾತನನ್ನು ಕೇಳಿದ. ಸೈನ್ಯದ ವಿಷಯ ಅಪ್ಪ ಮನೆಯಲ್ಲಿ ಮಾತಾಡಿದ್ದು ಕಡಿಮೆ. ಅವತ್ತು ಅವನ ಕೈಯಿಂದ ಐಸ್‌ಕ್ರೀಮ್ ಕಡ್ಡಿ ತೆಗೆದುಕೊಂಡು ಓರೆಯಾಗಿ ಹಿಡಿದು ತೋರಿಸಿದರು. "ನೇರ ಚುಚ್ಚಬಾರದು. ನೇರ ಚುಚ್ಚಿದರೆ ಅದರ ತಲೆಗೇ ತಾಗುತ್ತೆ. ಹೀಗೆ ಓರೆಯಾಗಿ, ಮೆತ್ತಗೆ." ಮಗ ಹೊಟ್ಟೆ ಮೇಲೆ ಮಲಗಿ, ಉಸಿರು ಬಿಗಿಹಿಡಿದು, ಒಂದೊಂದೇ ಬೆರಳಿನ ದೂರಕ್ಕೆ ಕಡ್ಡಿ ಚುಚ್ಚುತ್ತಾ ಹೋದ. ಏನೋ ಗಟ್ಟಿ ತಾಗಿತು. ಕೈ ಹಾಕಿ ಎಳೆಯಲು ಹೋದವನ ಮಣಿಕಟ್ಟನ್ನು ಅಪ್ಪ ಹಿಡಿದುಕೊಂಡರು. "ಎಳೀಬೇಡ. ಮೊದಲು ಸುತ್ತಲಿನ ಮರಳು ಬಿಡಿಸು."

ಕಪ್ಪೆಚಿಪ್ಪು ಅದು. ಈಗ ಅವನ ಮೇಜಿನ ಮೇಲಿದೆ.