ಹಿತ್ಲಿಗೆ ಗ್ರಿಲ್: ಇದ್ದಿಲಾ, ಗ್ಯಾಸಾ?

ಪ್ರಶ್ನೆ: ಕೋಲಾರದಲ್ಲಿ ನಮ್ ಮನೆ ಹಿತ್ಲಲ್ಲಿ ಭಾನುವಾರ ಚಿಕನ್, ಜೋಳ, ಪನೀರ್ ಸುಡೋಕೆ ಗ್ರಿಲ್ ನೋಡ್ತಿದೀವಿ, ಯಾವ್ದು ತಗೊಳ್ಳೋದು? ಬಳಸ್ತಿರೋರು ಹೇಳಿ ಪ್ಲೀಸ್.

ಉತ್ತರ 1: ವಾರಕ್ಕೊಂದ್ ಸಲ ಅಂದ್ರೆ ಇದ್ದಿಲಿಂದೇ ತಗೊಳ್ಳಿ, ಆ ಘಮ ಗ್ಯಾಸಲ್ಲಿ ಬರಲ್ಲ. ಆದ್ರೆ ಮುಚ್ಚಳ ಇರ್ಲೇಬೇಕು, ಮೇಲೆ ಕೆಳಗೆ ಗಾಳಿ ಕಿಂಡಿ ಇರ್ಬೇಕು, ಕಿಂಡಿ ತೆಗೆದ್ರೆ ಕಾವು ಜಾಸ್ತಿ ಮುಚ್ಚಿದ್ರೆ ಕಮ್ಮಿ, ಕೆಂಡನೆಲ್ಲ ಒಂದ್ ಕಡೆ ತಳ್ಳಿ ಲೆಗ್ ಪೀಸ್ ಇನ್ನೊಂದ್ ಕಡೆ ಇಟ್ಟು ಮುಚ್ಚಿದ್ರೆ ಹೊರಗೆ ಸೀದೋಗ್ದೆ ಒಳಗೂ ಬೇಯತ್ತೆ. ತೆಳು ತಗಡಿಂದು ಬೇಡ.

ಉತ್ತರ 2: ಚಿಂತಾಮಣಿಯಿಂದ ಬರೀತಿದೀನಿ. ಆಗಾಗ ಮಾಡೋರಾದ್ರೆ ಗ್ಯಾಸೇ ವಾಸಿ, ಬೂದಿ ಕಾಟ ಇಲ್ಲ.

ಉತ್ತರ 3: ಮಳೆ ಬಂತು ಅಂತ ಇದ್ದಿಲ ಗ್ರಿಲ್ ಮಾತ್ರ ಮನೆಯೊಳಗೆ ತರ್ಬೇಡಿ ದಯವಿಟ್ಟು, ಇದ್ದಿಲು ಉರಿದಾಗ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆನೇ ಇರಲ್ಲ, ಜೀವಕ್ಕೇ ಅಪಾಯ. ಚಿಕನ್ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಚುಚ್ಚಿ ನೋಡೋ ಥರ್ಮಾಮೀಟರ್ ಜೊತೇಲೇ ತಗೊಳ್ಳಿ.