ಅಪ್‌ಡೇಟ್: ಸ್ಟ್ರೀಮಿಂಗ್ ಸ್ಟಿಕ್ ಈಗ ಸರಿಯಾಗಿದೆ

ಟಿವಿಗೆ ಹಾಕಿದ ಸ್ಟ್ರೀಮಿಂಗ್ ಸ್ಟಿಕ್ (ಇಂಟರ್ನೆಟ್ ಮೂಲಕ ಸಿನಿಮಾ ತೋರಿಸುವ ಪುಟ್ಟ ಸಾಧನ) ಸಿನಿಮಾ ನಡುವೆ ತಾನಾಗಿಯೇ ಆಫ್ ಆಗಿ ಆನ್ ಆಗುತ್ತದೆ, ಚಿತ್ರವೂ ತಡೆತಡೆದು ಬರುತ್ತದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಎರಡೂ ಸರಿಹೋದವು.

ಆಫ್ ಆಗುತ್ತಿದ್ದದ್ದು ಪವರ್ ಸಾಲದೆ. ಇನ್ನೊಂದು ವೈರ್ ಸುಮ್ನೆ ಯಾಕೆ ಅಂತ ಟಿವಿಯ ಯುಎಸ್‌ಬಿ ಪೋರ್ಟ್‌ಗೇ ಸಿಕ್ಕಿಸಿದ್ದೆ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್ ಅಷ್ಟೇ. ಸ್ಟಿಕ್ ಜೊತೆ ಬಂದ ಅಡಾಪ್ಟರ್ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ 5 ವೋಲ್ಟ್, 1 ಆಂಪ್ ಅಂತಿತ್ತು. ಅಂದರೆ ಎರಡು ಪಟ್ಟು! ಅಡಾಪ್ಟರ್ ಅನ್ನು ಗೋಡೆಯ ಪ್ಲಗ್‌ಗೆ ಹಾಕಿದೆ. ಆಮೇಲೆ ಒಂದು ಸಲವೂ ಆಫ್ ಆಗಿಲ್ಲ.

ಇನ್ನು ಚಿತ್ರ ತಡೆಯುವುದು. ಸ್ಟಿಕ್ ಟಿವಿಯ ಬೆನ್ನಿಗೆ ಅಂಟಿಕೊಂಡಂತೆ ಕೂತಿತ್ತು, ವೈ-ಫೈ ಸಿಗ್ನಲ್‌ಗೆ ಟಿವಿಯೇ ಅಡ್ಡ. ಬಾಕ್ಸ್‌ನಲ್ಲೇ ಇದ್ದ ಗೇಣುದ್ದದ ಎಚ್‌ಡಿಎಂಐ ಎಕ್ಸ್‌ಟೆಂಡರ್ (ಟಿವಿಗೂ ಸ್ಟಿಕ್‌ಗೂ ನಡುವೆ ಸಿಕ್ಕಿಸುವ ತುಂಡು ವೈರ್) ಹಾಕಿ ಸ್ಟಿಕ್ ಅನ್ನು ಟಿವಿಯ ಅಂಚಿನಾಚೆ ಇಳಿಬಿಟ್ಟೆ. ಇಷ್ಟು ಚಿಕ್ಕ ತುಂಡು ಇಷ್ಟು ಕೆಲಸ ಮಾಡುತ್ತದೆ ಅಂದುಕೊಂಡಿರಲಿಲ್ಲ. ರೂಟರ್ ಅದೇ ಕೋಣೆಯಲ್ಲಿರುವುದರಿಂದ ವೈ-ಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದೆ. ನಡುವೆ ಗೋಡೆಗಳು ಜಾಸ್ತಿ ಇದ್ದರೆ 2.4 ಇಟ್ಟುಕೊಳ್ಳಿ, ಅದು ದೂರ ತಲುಪುತ್ತದೆ.

ಅಡಾಪ್ಟರ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಹೊಸ ಸ್ಟಿಕ್ ಕೊಳ್ಳುವವನಿದ್ದೆ.